ಊಟ ಆದಮೇಲಿನ ಟೆಂಡರ್ ಕ್ಲಾಸು

ಪ್ರಾಂಶುಪಾಲರ ತರಬೇತಿ. ಮಧ್ಯಾಹ್ನ ಕೆಟಿಪಿಪಿ ಕಾಯ್ದೆ, 1999, ಅಂದ್ರೆ ಸರ್ಕಾರಿ ಖರೀದಿಗೆ ಟೆಂಡರ್ ಕರೆಯೋ ಕಾನೂನು. ಅನ್ನ ಸಾರು ಉಂಡು ಬಂದವರಿಗೆ ಟೆಂಡರ್ ಪಾಠ, ಪುಣ್ಯಾತ್ಮರು ಯಾರು ಇಟ್ರೋ ಈ ಟೈಮ್‌ಟೇಬಲ್ಲು!

ಪಕ್ಕದಲ್ಲಿದ್ದ ಮೇಡಂ ಹಳಗನ್ನಡದವರು, ಪಂಪ ನಾಲಿಗೆ ತುದೀಲೇ. ಅವರ ನೋಟ್‌ಬುಕ್ ಇಣುಕಿದೆ.

'ಖಜಾನೆ-2: ಬಿಲ್ಲು ವಾಪಸ್ ಬಂದ್ರೆ?' (ಸರ್ಕಾರಿ ಬಿಲ್ಲು ಕಳಿಸೋ ಆನ್‌ಲೈನ್ ವ್ಯವಸ್ಥೆ.)
'ಯುಯುಸಿಎಂಎಸ್ ಪಾಸ್‌ವರ್ಡ್ ಯಾರ ಹತ್ರ ಇರಬೇಕು?' (ವಿಶ್ವವಿದ್ಯಾಲಯ, ಕಾಲೇಜುಗಳ ಕೆಲಸದ ಆನ್‌ಲೈನ್ ವ್ಯವಸ್ಥೆ.)
ಕೆಳಗೆ ಎರಡು ಗೆರೆ ಎಳೆದು: 'ಜವಾನ ಇಲ್ಲ. ಗಂಟೆ ಯಾರು ಹೊಡೀಬೇಕು?'

ಕೊನೇದಕ್ಕೆ ಯಾವ ಸ್ಲೈಡಲ್ಲೂ ಉತ್ತರ ಇರಲಿಲ್ಲ.

ಪಾಠ ಮಾಡೋರಿಗೆ ಓರಿಯಂಟೇಶನ್, ರಿಫ್ರೆಶರ್ ಅಂತ ತರಬೇತಿ 1986ರ ಶಿಕ್ಷಣ ನೀತಿಯ ಕಾಲದಿಂದ ನಡೀತಾನೇ ಇದೆ. ಕೇಂದ್ರಗಳ ಹೆಸರು ಬದಲಾಗಿ ಬದಲಾಗಿ ಈಗ ಮಾಳವೀಯ ಮಿಷನ್. ಆದ್ರೆ ಸೀನಿಯಾರಿಟಿ ಮೇಲೆ ಪ್ರಾಂಶುಪಾಲರ ಪ್ರಭಾರ ಬಂದ ಮೇಷ್ಟ್ರು ಮಾತ್ರ ಏನೂ ಕಲೀದೆ ರಾತ್ರೋರಾತ್ರಿ ಸಂಬಳದ ಬಿಲ್ಲಿಗೆ ಸಹಿ ಹಾಕೋ ಅಧಿಕಾರಿ. ಕಾಲೇಜುಗಳಿಗೆ ದರ್ಜೆ ಕೊಡೋ ನ್ಯಾಕ್ ಇಷ್ಟು ವರ್ಷ ಬಳಸಿದ ಏಳು ಮಾನದಂಡಗಳಲ್ಲಿ ಆರನೆಯದ್ದೇ ಆಡಳಿತ, ನಾಯಕತ್ವ, ನಿರ್ವಹಣೆ. ಅಂಕ ಕೇಳೋರು ಮೊದಲು ಕಲಿಸಬೇಕಲ್ವಾ? (ನಾಯಕತ್ವದ ಭಾಷಣ ಬೆಳಿಗ್ಗೇನೇ ಆಯ್ತು ಬಿಡಿ, ಹದ್ದಿನ ಫೋಟೋ ಸಮೇತ.)

ಟೀ ಹೊತ್ತಲ್ಲಿ ಮೇಡಂ ಸಂಪನ್ಮೂಲ ವ್ಯಕ್ತೀನ ಹಿಡಿದರು. "ಸಾರ್, ಕ್ಯಾಶ್ ಬುಕ್ ದಿನಾ ಬರೀಬೇಕಾ?"

ಅವರು ನಗಲಿಲ್ಲ. ಟೀ ಕಪ್ಪು ಪಕ್ಕಕ್ಕಿಟ್ಟು, ಅದೇ ನೋಟ್‌ಬುಕ್ಕಲ್ಲಿ ಗೆರೆ ಎಳೆದು, ಜಮಾ ಇಲ್ಲಿ, ಖರ್ಚು ಇಲ್ಲಿ, ದಿನದ ಕೊನೆಗೆ ನಿಮ್ಮ ಸಹಿ ಇಲ್ಲಿ ಅಂತ ತೋರಿಸಿದರು. ಸುತ್ತ ಒಬ್ಬೊಬ್ಬರೇ ಬಂದು ನಿಂತ್ಕೊಂಡರು. ನಿದ್ದೆ ಮಾಡ್ತಿದ್ದವರೂ.