‘ಐದು ವರ್ಷ ಮುಗೀತಲ್ರೀ, ಇನ್ನೂ ಯಾಕ ಗುಳಿಗಿ?’

ಸ್ತನ ಕ್ಯಾನ್ಸರ್ ಗೆದ್ದು ಬಂದ ಹೆಣ್ಣುಮಕ್ಕಳು, ಅವರ ಜೊತೆ ಬರುವ ಗಂಡ, ಮಗಳು, ಸೊಸೆ ಎಲ್ಲರೂ ಕೇಳುವ ಪ್ರಶ್ನೆ ಇದು. ಆಪರೇಷನ್ ಆಯ್ತು, ಕಿಮೋ ಆಯ್ತು, ಕರೆಂಟ್ (ರೇಡಿಯೇಷನ್) ಕೊಟ್ಟದ್ದೂ ಆಯ್ತು. ಐದು ವರ್ಷ ದಿನಕ್ಕೊಂದು ಗುಳಿಗೆ ನುಂಗಿ ಇನ್ನೇನು ಮುಗಿಯಿತು ಅನ್ನುವಾಗ ಡಾಕ್ಟರು ‘ಇನ್ನೂ ಕೆಲವು ವರ್ಷ ತಗೊಳ್ರಿ’ ಅಂತಾರೆ. ಯಾಕೆ, ಮತ್ತೆ ಈ ಕೀಲುನೋವು, ಈ ಸೆಕೆ ತಡ್ಕೊಳ್ಳೋದು ಹೆಂಗೆ?

ಬಯಾಪ್ಸಿ ರಿಪೋರ್ಟಿನಲ್ಲಿ ಇಆರ್ ಅಥವಾ ಪಿಆರ್ ಪಾಸಿಟಿವ್ (ಗಡ್ಡೆಗೆ ಹೆಣ್ಣಿನ ಹಾರ್ಮೋನ್ ಹಿಡಿಯುವ ಗುಣವಿದೆ) ಎಂದು ಬಂದವರಿಗೆ ಮಾತ್ರ ಈ ಗುಳಿಗೆ. ಈ ಜಾತಿಯ ಗಡ್ಡೆ ಈಸ್ಟ್ರೋಜನ್ ಎಂಬ ಹೆಣ್ಣಿನ ಹಾರ್ಮೋನ್ ಉಂಡು ಬೆಳೆಯುತ್ತದೆ, ಅದರ ನಡಿಗೆಯೂ ನಿಧಾನ. ಐದು ವರ್ಷ ಸುಮ್ಮನಿದ್ದು ಹತ್ತನೇ, ಹದಿನೈದನೇ ವರ್ಷದಲ್ಲಿ ಎಲುಬಿನಲ್ಲೋ ಲಿವರಿನಲ್ಲೋ ಕಾಣಿಸಿಕೊಳ್ಳಬಹುದು. 2013ರಲ್ಲಿ ಪ್ರಕಟವಾದ ‘ಅಟ್ಲಾಸ್’ ಅಧ್ಯಯನ ಇದನ್ನೇ ಅಳೆಯಿತು. ಈಸ್ಟ್ರೋಜನ್ ಗಡ್ಡೆಗೆ ತಾಗದಂತೆ ತಡೆಯುವ ಟಮಾಕ್ಸಿಫೆನ್ ಗುಳಿಗೆಯನ್ನು ಐದು ವರ್ಷಕ್ಕೇ ನಿಲ್ಲಿಸಿದವರಲ್ಲಿ 5ರಿಂದ 14ನೇ ವರ್ಷದ ನಡುವೆ ಈ ಕ್ಯಾನ್ಸರಿನಿಂದ ಸತ್ತವರು ನೂರಕ್ಕೆ 15. ಹತ್ತು ವರ್ಷ ತೆಗೆದುಕೊಂಡವರಲ್ಲಿ 12.2. ಆದರೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ನೂರಕ್ಕೆ 1.6ರಿಂದ 3.1ಕ್ಕೆ ಏರಿತು. ಲಾಭ ಇದೆ, ಅದಕ್ಕೊಂದು ಬೆಲೆಯೂ ಇದೆ.

ಹಾಗಂತ ಎಲ್ಲರಿಗೂ ಹತ್ತು ವರ್ಷ ಬೇಕಿಲ್ಲ. ಆಸ್ಟ್ರಿಯಾದವರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಐದು ವರ್ಷ ಮುಗಿಸಿದವರಿಗೆ ಅನಾಸ್ಟ್ರೊಜೋಲ್ (ಮೈಯಲ್ಲಿ ಈಸ್ಟ್ರೋಜನ್ ಕಡಿಮೆ ಮಾಡುವ ಗುಳಿಗೆ) ಇನ್ನೆರಡು ವರ್ಷ ಕೊಟ್ಟರೂ ಅಷ್ಟೇ, ಇನ್ನೈದು ವರ್ಷ ಕೊಟ್ಟರೂ ಅಷ್ಟೇ. ಎಲುಬು ಮುರಿದದ್ದು ಮಾತ್ರ ಐದು ವರ್ಷದವರಲ್ಲಿ ಜಾಸ್ತಿ: ನೂರಕ್ಕೆ 4.7ರ ಬದಲು 6.3. ಆದ್ದರಿಂದ ‘ಏಳಕ್ಕೆ ನಿಲ್ಲಿಸಬಹುದೇನ್ರೀ?’ ಅಂತ ಕೇಳೋದು ತಪ್ಪಲ್ಲ. ಉತ್ತರ ನಿಂತಿರುವುದು ಕಂಕುಳಲ್ಲಿ ಎಷ್ಟು ಗಂಟಿಗೆ ಕ್ಯಾನ್ಸರ್ ತಗುಲಿತ್ತು, ಗಡ್ಡೆ ಎಷ್ಟು ದೊಡ್ಡದಿತ್ತು ಎಂಬುದರ ಮೇಲೆ. ಹೆಚ್ಚು ಗಂಟಿದ್ದವರಿಗೆ ಡಾಕ್ಟರು ಮುಂದುವರಿಸಿ ಎನ್ನುವುದೇ ಹೆಚ್ಚು. ಹಳೆಯ ಆಪರೇಷನ್ ರಿಪೋರ್ಟ್ ಟ್ರಂಕಿನ ತಳದಲ್ಲಿದ್ದರೆ ಹುಡುಕಿ ಮೊಬೈಲಿನಲ್ಲಿ ಫೋಟೋ ತೆಗೆದಿಡಿ. ಅದಿಲ್ಲದೆ ಈ ಮಾತುಕತೆ ನಡೆಯುವುದಿಲ್ಲ.

ಇನ್ನು ನೋವು. ಲೆಟ್ರೊಜೋಲ್ 2.5 ಮಿ.ಗ್ರಾಂ, ಅನಾಸ್ಟ್ರೊಜೋಲ್ 1, ಎಕ್ಸಿಮೆಸ್ಟೇನ್ 25 – ಈ ಮೂರೂ ಒಂದೇ ಮನೆತನದವು, ಕೀಲು ಹಿಡಿಯುವುದು ಇವುಗಳ ಗುಣ. ನಮ್ಮ ಕಡೆ ಇದು ಮೊದಲು ಗೊತ್ತಾಗುವುದು ರೊಟ್ಟಿ ಬಡಿಯುವಾಗ. ಬೆಳಿಗ್ಗೆ ಎದ್ದಾಗ ಮುಷ್ಟಿ ಕಟ್ಟಲಾಗುವುದಿಲ್ಲ, ಹೆಬ್ಬೆರಳಿನ ಬುಡ ಚುರ್ ಅನ್ನುತ್ತದೆ, ಹಿಟ್ಟು ನಾದಲು ಅಂಗೈ ಊರಿದರೆ ಮಣಿಕಟ್ಟು ಸಿಡಿಯುತ್ತದೆ. ಬಹಳ ಮಂದಿ ‘ವಯಸ್ಸಾತು, ವಾಯು’ ಅಂದುಕೊಂಡು ಎಣ್ಣೆ ಹಚ್ಚಿ ಸುಮ್ಮನಾಗುತ್ತಾರೆ. ಇಲ್ಲವೇ ಯಾರಿಗೂ ಹೇಳದೆ ಗುಳಿಗೆ ಬಿಡುತ್ತಾರೆ. ಎರಡನೆಯದೇ ಅಪಾಯ.

ಎದ್ದ ಕೂಡಲೇ ಬೋಗುಣಿಯ ಬಿಸಿನೀರಿನಲ್ಲಿ ಐದು–ಹತ್ತು ನಿಮಿಷ ಕೈ ಮುಳುಗಿಸಿ ಬೆರಳು ಮಡಚಿ ಬಿಚ್ಚಿ. ರೊಟ್ಟಿ ಕೆಲಸ ಬೆಳಿಗ್ಗೆ ಆರಕ್ಕೆ ಬೇಡ, ಕೈ ಸಡಿಲಾದ ಮೇಲಿರಲಿ. ಕೈ ಬಹಳ ಹಿಡಿದಿರುವ ದಿನಗಳಲ್ಲಿ ಬಡಿಯುವ ಬದಲು ಲಟ್ಟಿಸಿ, ಅಥವಾ ಖಡಕ್ ರೊಟ್ಟಿ ತರಿಸಿ. ಅದರಲ್ಲಿ ಮರ್ಯಾದೆ ಹೋಗುವಂಥದ್ದೇನಿಲ್ಲ. ಎಣ್ಣೆಗಿಂತ ಹೆಚ್ಚು ಕೆಲಸ ಮಾಡುವುದು ನಡಿಗೆ: ವಾರಕ್ಕೆ 150 ನಿಮಿಷ. ಕೂತರೆ ಕೀಲು ಇನ್ನಷ್ಟು ಹಿಡಿಯುತ್ತದೆ. ಬೇಸಿಗೆಯ ರಾಯಚೂರು, ಬಳ್ಳಾರಿಯಲ್ಲಿ ಬೆಳಿಗ್ಗೆ ಐದೂವರೆಗೆ ಹೊರಟು ಬಿಸಿಲೇರುವ ಮುಂಚೆ ಮನೆ ಸೇರಬೇಕು. ಇದರಿಂದಲೂ ಆಗದಿದ್ದರೆ ಡಾಕ್ಟರು ಕೆಲವು ವಾರ ಗುಳಿಗೆ ನಿಲ್ಲಿಸಿ, ಅದೇ ಮನೆತನದ ಇನ್ನೊಂದನ್ನು ಕೊಟ್ಟು ನೋಡುತ್ತಾರೆ. ಒಂದು ಹಿಡಿಸದವರಿಗೆ ಇನ್ನೊಂದು ಹಿಡಿಸುವುದು ಅಪರೂಪವಲ್ಲ. ಡುಲಾಕ್ಸೆಟಿನ್ ಎಂಬ ನೋವಿನ ಗುಳಿಗೆ ಇದೆ, ಮರಳಿ ಟಮಾಕ್ಸಿಫೆನ್‌ಗೆ ಹೋಗುವ ದಾರಿಯೂ ಇದೆ.

ಲೆಟ್ರೊಜೋಲ್ ಮನೆತನದ ಗುಳಿಗೆಗಳಿಂದ ಎಲುಬು ಸವೆಯುವುದು ನೋವಿಲ್ಲದೆ ನಡೆಯುತ್ತದೆ. ಹಾಗಾಗಿ ಈ ಮೂರರಲ್ಲಿ ಯಾವುದನ್ನು ತೆಗೆದುಕೊಂಡರೂ ಶುರುವಿಗೊಮ್ಮೆ, ಆಮೇಲೆ ಒಂದೆರಡು ವರ್ಷಕ್ಕೊಮ್ಮೆ ಎಲುಬಿನ ಗಟ್ಟಿತನ ಅಳೆಯುವ ಡೆಕ್ಸಾ ಸ್ಕ್ಯಾನ್ ಬೇಕು. ದಿನಕ್ಕೆ 1,000ದಿಂದ 1,200 ಮಿ.ಗ್ರಾಂ ಕ್ಯಾಲ್ಸಿಯಂ ಬೇಕು, ಊಟದ್ದೂ ಸೇರಿ. ಜೋಳದಲ್ಲಿ ಕ್ಯಾಲ್ಸಿಯಂ ಕಡಿಮೆ. ಹಾಲು, ಮೊಸರು, ರಾಗಿ, ಎಳ್ಳು ಸೇರಿಸಬೇಕು. ಥೈರಾಯ್ಡ್ ಗುಳಿಗೆ ತೆಗೆದುಕೊಳ್ಳುವವರು ಅದಕ್ಕೂ ಕ್ಯಾಲ್ಸಿಯಂಗೂ ನಾಲ್ಕು ತಾಸು ಅಂತರ ಬಿಡಿ. ಇಲ್ಲದಿದ್ದರೆ ಥೈರಾಯ್ಡ್ ಗುಳಿಗೆ ಮೈಗೆ ಹತ್ತುವುದಿಲ್ಲ.

ಸೆಕೆಯ ವಿಷಯ. ಮೇ ತಿಂಗಳಲ್ಲಿ ಯಾವುದು ಊರಿನ ಸೆಕೆ, ಯಾವುದು ಗುಳಿಗೆಯ ಸೆಕೆ? ಗುಳಿಗೆಯದು ಎದೆಯಿಂದ ಶುರುವಾಗಿ ಕುತ್ತಿಗೆ, ಮುಖಕ್ಕೆ ಏರಿ, ಕೆಲವೇ ನಿಮಿಷದಲ್ಲಿ ಬೆವರಿಳಿಸಿ, ಕೆಲವೊಮ್ಮೆ ಹಿಂದೆಯೇ ಚಳಿ ಹುಟ್ಟಿಸಿ ಹೋಗುತ್ತದೆ. ರಾತ್ರಿ ನಿದ್ದೆ ಕೆಡಿಸುತ್ತಿದ್ದರೆ ವೆನ್ಲಾಫ್ಯಾಕ್ಸಿನ್ 37.5 ಮಿ.ಗ್ರಾಂನಿಂದ ಶುರು ಮಾಡುತ್ತಾರೆ. ಅದು ಮನಸ್ಸಿನ ಕಾಯಿಲೆಗೂ ಕೊಡುವ ಗುಳಿಗೆ ಎಂದು ತಿಳಿದು ಮನೆಯವರು ಹೆದರಬೇಕಿಲ್ಲ. ಇಲ್ಲಿ ಕೊಟ್ಟದ್ದು ಸೆಕೆಗೆ. ಆದರೆ ಟಮಾಕ್ಸಿಫೆನ್ ಜೊತೆ ಪ್ಯಾರೊಕ್ಸೆಟಿನ್, ಫ್ಲುಯೊಕ್ಸೆಟಿನ್ ಬೇಡ, ಅವು ಟಮಾಕ್ಸಿಫೆನ್ ಮೈಯೊಳಗೆ ಕೆಲಸ ಮಾಡುವ ರೂಪಕ್ಕೆ ಬದಲಾಗುವುದನ್ನೇ ತಡೆಯುತ್ತವೆ. ಬೇರೆ ಡಾಕ್ಟರ ಹತ್ತಿರ ಹೋದಾಗ ಟಮಾಕ್ಸಿಫೆನ್ ಚೀಟಿ ತೋರಿಸಿ.

ಅಗಸಿ ಚಟ್ನಿ ತಿನ್ನಬಹುದೇ ಅಂತಲೂ ಕೇಳುತ್ತಾರೆ. ಊಟದ ಜೊತೆಗಿನ ಚಟ್ನಿಪುಡಿಗೆ, ಸಾರಿಗೆ ಹಾಕುವ ಅರಿಶಿನಕ್ಕೆ ಅಡ್ಡಿಯಿಲ್ಲ. ಅರಿಶಿನದ ಕ್ಯಾಪ್ಸೂಲ್, ‘ಹೆಣ್ಣುಮಕ್ಕಳ ಶಕ್ತಿಗೆ’ ಎಂದು ಮಾರುವ ಪುಡಿ ಬೇರೆ ಮಾತು, ಕೇಳದೆ ತೆಗೆದುಕೊಳ್ಳಬೇಡಿ.

ಕೆಳಗೆ ಒಣಗಿ ಉರಿಯುವುದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನೀರಿನಂಶದ ಜೆಲ್ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಹಾರ್ಮೋನ್ ಇರುವ ಕ್ರೀಮನ್ನು ಮಾತ್ರ ಕ್ಯಾನ್ಸರ್ ಡಾಕ್ಟರನ್ನು ಕೇಳದೆ ಹಚ್ಚಬೇಡಿ.

ಕೆಲವಕ್ಕೆ ಮುಂದಿನ ತಪಾಸಣೆಯವರೆಗೆ ಕಾಯುವಂತಿಲ್ಲ. ಟಮಾಕ್ಸಿಫೆನ್ ಇರುವಾಗ ಒಂದೇ ಕಾಲು ಊದಿ ನೋವು ಬಂದರೆ, ಏಕಾಏಕಿ ಉಸಿರು ಕಟ್ಟಿದರೆ ರಕ್ತ ಹೆಪ್ಪುಗಟ್ಟಿರಬಹುದು, ಅವತ್ತೇ ಹತ್ತಿರದ ದೊಡ್ಡಾಸ್ಪತ್ರೆಗೆ ಹೋಗಿ. ಮುಟ್ಟು ನಿಂತವರಿಗೆ ಒಂದು ಚುಕ್ಕೆ ರಕ್ತ ಕಂಡರೂ ಸ್ಕ್ಯಾನ್ ಬೇಕು. ಲೆಟ್ರೊಜೋಲ್ ತೆಗೆದುಕೊಳ್ಳುವ ಚಿಕ್ಕ ವಯಸ್ಸಿನವರಿಗೆ ಮುಟ್ಟು ಮರಳಿದರೆ ಕೂಡಲೇ ತಿಳಿಸಿ: ಅಂಡಾಶಯ ಕೆಲಸ ಮಾಡುತ್ತಿದ್ದರೆ ಆ ಗುಳಿಗೆ ನುಂಗಿಯೂ ಉಪಯೋಗವಿಲ್ಲ.

ಒಂದು ದಿನ ಮರೆತರೆ ಗಾಬರಿ ಬೇಡ. ಈ ಔಷಧಿಗಳು ಮೈಯಲ್ಲಿ ಕೆಲವು ದಿನ ಉಳಿಯುತ್ತವೆ. ಮರುದಿನ ಎರಡು ನುಂಗದೆ ಎಂದಿನಂತೆ ಒಂದೇ ತೆಗೆದುಕೊಳ್ಳಿ. ಎಷ್ಟೋ ಸಲ ಗುಳಿಗೆ ತಪ್ಪುವುದು ಮರೆವಿನಿಂದಲ್ಲ, ಸ್ಟ್ರಿಪ್ ಮುಗಿದು. ಬೆಂಗಳೂರಿನ ಕಿದ್ವಾಯಿಗೆ ರಾತ್ರಿ ರೈಲು ಹತ್ತಿ ಹೋಗುವವರು ಚೀಟಿಯ ತಾರೀಖು ದಾಟಿದರೆ ಸುಗ್ಗಿ, ಮದುವೆ ಅಂತ ತಿಂಗಳು ತಳ್ಳಿಬಿಡುತ್ತಾರೆ. ಕೊನೆಯ ಹತ್ತರ ಸ್ಟ್ರಿಪ್ ಒಡೆದ ದಿನವೇ ಮುಂದಿನದಕ್ಕೆ ಹೇಳಿ; ಜನೌಷಧಿ ಅಂಗಡಿಯಲ್ಲೂ ವಿಚಾರಿಸಿ, ಅಗ್ಗ. ತಂದದ್ದನ್ನು ಒಲೆಯ ಮೇಲಿನ ಗೂಡಿನಲ್ಲಿ, ತಗಡಿನ ಮಾಡಿನ ಕೆಳಗೆ ಇಡಬೇಡಿ. ನಡುಮನೆಯ ಅಲಮಾರಿನಲ್ಲಿ, ಬಿಸಿಲು ತಾಗದ ಗೋಡೆಗೆ ಒಂದು ಸ್ಟೀಲ್ ಡಬ್ಬಿ ಸಾಕು.