ಕಡಿಮೆ ಬೆಲೆಯ ಕಂಟ್ರೋಲರ್ ಕೊಳ್ಳುವ ಮುನ್ನ

ಶಿವಮೊಗ್ಗದಲ್ಲಿ ಜಡಿಮಳೆ ಹಿಡಿದಿರುವುದರಿಂದ ಅಂಗಳದ ಕ್ರಿಕೆಟ್ ನಿಂತು, ಕಂಪ್ಯೂಟರಿನಲ್ಲಿ ಫುಟ್‌ಬಾಲ್ ಆಡಲು ಕಂಟ್ರೋಲರ್ ಬೇಕೆಂದು ಅಕ್ಕನ ಮಗ ಹಟ ಹಿಡಿದಿದ್ದಾನೆ. ದುರ್ಗಿಗುಡಿಯ ಅಂಗಡಿಯೊಂದರಲ್ಲಿ ಅಗ್ಗದವನ್ನೆಲ್ಲ ಕೈಯಲ್ಲಿ ಹಿಡಿದು ನೋಡಿದ ಮೇಲೆ, ಬಣ್ಣದ ದೀಪಗಳಿಗಿಂತ ಒಳಗಿನ ಸಂಗತಿಗಳನ್ನು ವಿಚಾರಿಸುವುದೇ ಸರಿಯೆನ್ನಿಸಿತು.

ಮೊದಲು ಕೇಳಬೇಕಾದದ್ದು, ಅದರಲ್ಲಿ ಎಕ್ಸ್‌ಇನ್‌ಪುಟ್, ಅಂದರೆ ಒತ್ತಿದ ಗುಂಡಿಗಳ ಸುದ್ದಿಯನ್ನು ವಿಂಡೋಸ್ ಆಟಕ್ಕೆ ಮುಟ್ಟಿಸುವ ವ್ಯವಸ್ಥೆ, ಇದೆಯೇ ಎಂಬುದು. 2005ರಲ್ಲಿ ಮೈಕ್ರೋಸಾಫ್ಟಿನ ಆಟದ ಯಂತ್ರ ಎಕ್ಸ್‌ಬಾಕ್ಸ್ 360 ಬಂದ ನಂತರದ ವಿಂಡೋಸ್ ಆಟಗಳು ಹೆಚ್ಚಾಗಿ ಇದನ್ನೇ ನೆಚ್ಚಿಕೊಂಡಿದ್ದು, ಇದೇ ಕೆಲಸದ ಹಳೆಯ ವ್ಯವಸ್ಥೆಯಾದ ಡೈರೆಕ್ಟ್‌ಇನ್‌ಪುಟ್ ಮಾತ್ರ ಇರುವ ಕಂಟ್ರೋಲರನ್ನು ಕೆಲವು ಆಟಗಳು ಗುರುತಿಸುವುದೇ ಇಲ್ಲ. ಆಟಗಳನ್ನು ಕೊಂಡು ಆಡಿಸುವ ಸ್ಟೀಮ್ ಎಂಬ ತಂತ್ರಾಂಶದ ಮೂಲಕ ಆಡುವವರಿಗೆ ಈ ತೊಡಕು ಕಡಿಮೆ.

ಇನ್ನು ಹೆಬ್ಬೆರಳಿನಿಂದ ಆಡಿಸುವ ಸ್ಟಿಕ್. ಅಗ್ಗದವುಗಳಲ್ಲಿ ಸಾಮಾನ್ಯವಾಗಿ ಸ್ಟಿಕ್ ಎತ್ತ ವಾಲಿದೆಯೆಂದು ಅಳೆಯಲು ಪೊಟೆನ್ಶಿಯೋಮೀಟರ್ ಎಂಬ ಬಿಡಿಭಾಗ ಇರುತ್ತದೆ. ಅದರೊಳಗಿನ ಲೋಹದ ತುಣುಕು ಇಂಗಾಲದ ಪಟ್ಟಿಯ ಮೇಲೆ ಉಜ್ಜಿ ಉಜ್ಜಿ ಸವೆದಂತೆ, ಬೆರಳು ಸೋಕದಿದ್ದರೂ ಪರದೆಯ ಮೇಲಿನ ಆಟಗಾರ ತನ್ನಷ್ಟಕ್ಕೆ ಒಂದು ಕಡೆಗೆ ನಡೆಯತೊಡಗುತ್ತಾನೆ. ಹಾಲ್ ಎಫೆಕ್ಟ್ ಸ್ಟಿಕ್ ಅಯಸ್ಕಾಂತದ ನೆರವಿನಿಂದ ಸ್ಥಾನವನ್ನು ಅಳೆಯುವುದರಿಂದ ಅಲ್ಲಿ ಈ ಉಜ್ಜಾಟವಿಲ್ಲ. ಈಗ ಕಡಿಮೆ ಬೆಲೆಯಲ್ಲಿಯೂ ಇಂಥವು ಸಿಗುತ್ತಿವೆ. ನಾಲ್ಕು ಕಾಸು ಹೆಚ್ಚು ಕೊಡುವುದಾದರೆ ಇದಕ್ಕೇ ಕೊಡುವುದು ಲೇಸು.

ಮೇಜಿನ ಮುಂದೆ ಕೂತು ಆಡುವವನಿಗೆ ತಂತಿಯದ್ದೇ ಸಾಕು, ಚಾರ್ಜಿನ ಚಿಂತೆಯಿಲ್ಲ. ಹಿಡಿಯ ರಬ್ಬರ್ ಹೊದಿಕೆ ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ: ಬೀರುವಿನೊಳಗಿನ ಚರ್ಮದ ಬೆಲ್ಟಿಗೂ ಬೂಸ್ಟು ಹಿಡಿಸುವ ಮಲೆನಾಡಿನ ಥಂಡಿಯಲ್ಲಿ, ಕ್ರಮೇಣ ಅಂಟಂಟಾಗುವ ರಬ್ಬರಿಗಿಂತ ತರಿತರಿಯಾದ ಬರಿಯ ಪ್ಲಾಸ್ಟಿಕ್ಕೇ ವಾಸಿ. ಕೊಂಡ ದಿನವೇ ವಿಂಡೋಸ್‌ನ ಗೇಮ್ ಕಂಟ್ರೋಲರ್ ಸೆಟ್ಟಿಂಗ್ ತೆರೆದು, ಸ್ಟಿಕ್ ಬಿಟ್ಟಾಗ ಗುರುತು ನಟ್ಟನಡುವೆ ನಿಲ್ಲುತ್ತದೆಯೇ ಎಂದು ನೋಡಿ, ಬಿಲ್ಲನ್ನು ವಾರಂಟಿಗಾಗಿ ಜೋಪಾನವಾಗಿ ಇಟ್ಟುಕೊಳ್ಳಬೇಕು.