ಎಷ್ಟು ಕಾಡು ಉಳಿಯಿತು ಅನ್ನೋದಕ್ಕಿಂತ ಹೇಗೆ ಉಳಿಯಿತು ಅನ್ನೋದು ಮುಖ್ಯ

ಉಪಗ್ರಹ ಚಿತ್ರಗಳನ್ನಿಟ್ಟುಕೊಂಡು ಭೂಬಳಕೆಯ ನಕ್ಷೆ ಮಾಡುವುದು ನನ್ನ ಕೆಲಸ. ರಸ್ತೆ, ಗಣಿ, ಅಣೆಕಟ್ಟು, ಯಾವ ಯೋಜನೆ ಬಂದರೂ ‘ಇದರಿಂದ ಎಷ್ಟು ಕಾಡು ಹೋಗುತ್ತದೆ?’ ಅನ್ನೋ ಪ್ರಶ್ನೆ ನಮ್ಮ ಮುಂದೆ ಬರುತ್ತದೆ. ನಾವು ಒಂದು ಅಂಕಿ ಕೊಡುತ್ತೇವೆ. ಅದು ವರದಿಯ ಕೋಷ್ಟಕದಲ್ಲಿ ಹೋಗಿ ಕೂರುತ್ತದೆ. ಓದಿದವರು ‘ಓ, ಇಷ್ಟೇನಾ’ ಅಂತ ಮುಂದಿನ ಪುಟ ತಿರುಗಿಸುತ್ತಾರೆ.

ಆ ಅಂಕಿ ಸುಳ್ಳಲ್ಲ. ಆದರೆ ಅದೊಂದನ್ನೇ ನೋಡಿದರೆ ಅಲ್ಲಿರುವ ಪ್ರಾಣಿಗಳ ಗತಿ ಏನು ಅನ್ನುವುದು ಗೊತ್ತಾಗುವುದೇ ಇಲ್ಲ. ಈ ಕೆಲಸಕ್ಕೆ ಹೊಸದಾಗಿ ಬಂದವರಿಗೆ ನಾನು ಮೊದಲ ವಾರವೇ ಒಂದು ಲೆಕ್ಕ ಮಾಡಿಸುತ್ತೇನೆ. ನೀವೂ ಕಾಗದ ತೆಗೆದುಕೊಳ್ಳಿ.

ಒಂದು ಕಿಲೋಮೀಟರ್ ಉದ್ದ, ಒಂದು ಕಿಲೋಮೀಟರ್ ಅಗಲದ ಚೌಕ ಬರೆಯಿರಿ. ಇದು 100 ಹೆಕ್ಟೇರ್ ಕಾಡು. ಕಾಡಿನ ಅಂಚಿಗೆ ಬಿಸಿಲೂ ಗಾಳಿಯೂ ನೇರವಾಗಿ ಹೊಡೆಯುತ್ತವೆ. ಮಣ್ಣು ಬೇಗ ಒಣಗುತ್ತದೆ, ಕಳೆ ನುಗ್ಗುತ್ತದೆ. ಇದೆಲ್ಲ ಒಳಗೆ 100 ಮೀಟರ್‌ವರೆಗೆ ಮುಟ್ಟುತ್ತದೆ ಅಂತ ಇಟ್ಟುಕೊಳ್ಳೋಣ. ನಾಲ್ಕೂ ಕಡೆ ಅಷ್ಟು ಬಿಟ್ಟರೆ ನಿಜವಾದ ಒಳಕಾಡು ಉಳಿಯುವುದು 64 ಹೆಕ್ಟೇರ್. ಈಗ ಚೌಕದ ನಟ್ಟನಡುವೆ 10 ಮೀಟರ್ ಅಗಲದ ರಸ್ತೆ ಎಳೆಯಿರಿ. ರಸ್ತೆಗೆ ಹೋಗುವುದು ಒಂದೇ ಒಂದು ಹೆಕ್ಟೇರ್. ವರದಿಯಲ್ಲೂ ಅಷ್ಟೇ ಬರುತ್ತದೆ. ಆದರೆ ರಸ್ತೆಯ ಎರಡೂ ಬದಿಯಲ್ಲಿ ಹೊಸ ಅಂಚು ಹುಟ್ಟಿತು, ಅಲ್ವಾ? ಮತ್ತೆ ಅಳೆಯಿರಿ. ಒಳಕಾಡು ಸುಮಾರು 47 ಹೆಕ್ಟೇರಿಗೆ ಇಳಿದಿರುತ್ತದೆ. ಹೋಗಿದ್ದು ಒಂದಲ್ಲ, ಹದಿನೇಳು. ಉಳಿದದ್ದೂ ಎರಡು ತುಂಡು.

ಅದೇ 100 ಹೆಕ್ಟೇರನ್ನು 200 ಮೀಟರ್ ಅಗಲ, 5 ಕಿಲೋಮೀಟರ್ ಉದ್ದದ ಪಟ್ಟಿಯಾಗಿ ಬರೆದು ನೋಡಿ. ಒಳಕಾಡು ಸೊನ್ನೆ. ಕೋಷ್ಟಕದಲ್ಲಿ ಮಾತ್ರ ಎರಡೂ ಕಾಡಿನ ಎದುರು ‘100’ ಅಂತಲೇ ಇರುತ್ತದೆ.

ಇಲ್ಲಿ ಒಂದು ಮಾತು. ಆ 100 ಮೀಟರ್ ಎಲ್ಲ ಕಡೆ, ಎಲ್ಲ ಜೀವಿಗೂ ಒಂದೇ ಅಲ್ಲ. ಕಿರಿದಾದ ರಸ್ತೆಯ ಮೇಲೆ ಕೊಂಬೆಗಳು ಕೂಡಿಕೊಂಡಿದ್ದರೆ ಪರಿಣಾಮ ಕಡಿಮೆ. ಕಪ್ಪೆಗೆ ಒಂದು ದೂರ, ದೊಡ್ಡ ಮರಕ್ಕೆ ಇನ್ನೊಂದು. ಸಾಫ್ಟ್‌ವೇರ್‌ನಲ್ಲಿ ಬಫರ್, ಅಂದರೆ ಅಂಚಿನಿಂದ ಇಷ್ಟು ದೂರ ಅಂತ ಪಟ್ಟಿ, ಹಾಕುವ ಮುಂಚೆ ‘ಯಾರಿಗೆ?’ ಅಂತ ಕೇಳಿಕೊಳ್ಳಬೇಕು.

ಇದು ಬರೀ ಕಾಗದದ ಲೆಕ್ಕವಲ್ಲ. ಬ್ರೆಜಿಲ್‌ನ ಮನೌಸ್ ಹತ್ತಿರ, ಅಮೆಜಾನ್ ಕಾಡಿನಲ್ಲಿ 1979ರಲ್ಲಿ ಥಾಮಸ್ ಲವ್‌ಜಾಯ್ ಎಂಬ ಜೀವವಿಜ್ಞಾನಿ ಒಂದು ಪ್ರಯೋಗ ಶುರು ಮಾಡಿದರು. ಸುತ್ತ ಕಾಡು ಕಡಿದು ಹುಲ್ಲುಗಾವಲು ಮಾಡುವಾಗ 1, 10, 100 ಹೆಕ್ಟೇರಿನ ತುಂಡುಗಳನ್ನು ಹಾಗೇ ಬಿಟ್ಟು, ಏನಾಗುತ್ತದೆ ಅಂತ ನೋಡುತ್ತಾ ಬಂದರು. ಅಂಚಿನಿಂದ 300 ಮೀಟರ್ ದೂರದೊಳಗಿನ ದೊಡ್ಡ ಮರಗಳು ಒಳಕಾಡಿನವಕ್ಕಿಂತ ಸುಮಾರು ಮೂರು ಪಟ್ಟು ವೇಗವಾಗಿ ಸಾಯುತ್ತಿದ್ದವು. ಸೈನಿಕ ಇರುವೆಗಳ ದಂಡು ಹೊರಟಾಗ ಹೆದರಿ ಎದ್ದ ಹುಳುಗಳನ್ನು ಹಿಡಿದು ತಿನ್ನುವ ಹಕ್ಕಿಗಳಿವೆ. ಚಿಕ್ಕ ತುಂಡುಗಳಲ್ಲಿ ಇರುವೆ ದಂಡಿಗೆ ಜಾಗ ಸಾಲಲಿಲ್ಲ, ಹಿಂದೆಯೇ ಆ ಹಕ್ಕಿಗಳೂ ಹೋದವು. ಕಾಡಿನ ನೆರಳಲ್ಲೇ ಬೆಳೆದ ಎಷ್ಟೋ ಪುಟ್ಟ ಹಕ್ಕಿಗಳು 100 ಮೀಟರಿಗಿಂತ ಕಡಿಮೆ ಬಯಲನ್ನೂ ದಾಟಲಿಲ್ಲ. ರೆಕ್ಕೆ ಇದ್ದರೂ ದಾಟಲಿಲ್ಲ! ‘ಹಕ್ಕಿ ತಾನೇ, ಹಾರಿಕೊಂಡು ಪಕ್ಕದ ಕಾಡಿಗೆ ಹೋಗುತ್ತೆ ಬಿಡಿ’ ಅಂತ ಮೀಟಿಂಗಿನಲ್ಲಿ ಯಾರಾದರೂ ಅಂದಾಗ ನಾನು ಇದನ್ನೇ ಹೇಳುವುದು.

ಜಗತ್ತಿನ ಒಟ್ಟು ಕಾಡಿನ ಲೆಕ್ಕವೂ ಹೀಗೇ ಇದೆ. 2015ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ, ಉಳಿದಿರುವ ಕಾಡಿನಲ್ಲಿ ಸುಮಾರು ಶೇ. 70ರಷ್ಟು ಯಾವುದಾದರೂ ಅಂಚಿನಿಂದ ಒಂದು ಕಿಲೋಮೀಟರ್ ದೂರದೊಳಗೇ ಇದೆ.

ಇನ್ನು ‘ಕಾಡು’ ಅಂತ ಯಾವುದಕ್ಕೆ ಬಣ್ಣ ಹಚ್ಚುತ್ತೇವೆ ಅನ್ನುವುದೇ ದೊಡ್ಡ ತಲೆನೋವು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಪ್ರಕಾರ ಅರ್ಧ ಹೆಕ್ಟೇರಿಗಿಂತ ದೊಡ್ಡ ಜಾಗ, 5 ಮೀಟರಿಗಿಂತ ಎತ್ತರದ ಮರಗಳು, ಶೇ. 10ಕ್ಕಿಂತ ಜಾಸ್ತಿ ನೆರಳು ಇದ್ದರೆ ಅದು ಕಾಡು. ರಬ್ಬರ್ ತೋಟ ಇದರೊಳಗೆ ಬರುತ್ತದೆ. ತಾಳೆ ಎಣ್ಣೆಯ ತೋಟ ಬರುವುದಿಲ್ಲ. ಅಂಕಿ ಅಂಶ ಒಟ್ಟುಗೂಡಿಸಲು ಇಂಥದ್ದೊಂದು ಅಳತೆ ಬೇಕು, ಒಪ್ಪುತ್ತೇನೆ. ಆದರೆ ಹಳೆಯ ಕಾಡು ಕಡಿದು ಅಲ್ಲೇ ಒಂದೇ ಜಾತಿಯ ಮರ ನೆಟ್ಟರೂ ಈ ಲೆಕ್ಕದಲ್ಲಿ ಕಾಡು ಕಡಿಮೆಯಾಗಿರುವುದಿಲ್ಲ. 10 ಮೀಟರ್ ಪಿಕ್ಸೆಲ್ಲಿನ, ಅಂದರೆ ಒಂದೊಂದು ಚುಕ್ಕೆಯೂ ನೆಲದ ಮೇಲೆ 10 ಮೀಟರ್ ಇರುವ ಚಿತ್ರದಲ್ಲಿ ಎರಡೂ ಹಸಿರೇ. ಸಾಲು ಹಿಡಿದು ನೆಟ್ಟಿದ್ದಾರೋ ಇಲ್ಲವೋ ಅಂತ ಹೆಚ್ಚು ಸ್ಪಷ್ಟವಾದ ಚಿತ್ರ ತರಿಸಿ ನೋಡಿದರೆ ಗೊತ್ತಾಗುತ್ತದೆ. ಅದಕ್ಕೆ ಸಮಯ ಕೊಡಿ.

ಹುಲ್ಲುಗಾವಲಿನ ಗತಿ ಇದಕ್ಕಿಂತ ಕೆಟ್ಟದ್ದು. ಎಷ್ಟೋ ನಕ್ಷೆಗಳಲ್ಲಿ ಅದು ಸುಮ್ನೆ ‘ಪಾಳು’ ಅಥವಾ ‘ಇತರೆ’. ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಗೆ ಅದೇ ಮನೆ. ಅಲ್ಲಿ ಮರ ನೆಟ್ಟರೆ ಅದರ ಮನೆ ಹೋಯಿತು ಅಂತಲೇ ಅರ್ಥ. ನಕ್ಷೆಯಲ್ಲಿ ಮಾತ್ರ ಹಸಿರು ಹೆಚ್ಚಾಗಿರುತ್ತದೆ.

‘ಕ್ಯಾಮೆರಾದಲ್ಲಿ ಪ್ರಾಣಿ ಬಿದ್ದಿದೆಯಲ್ಲ, ಇನ್ನೇನು ತೊಂದರೆ?’ ಅಂತಲೂ ಕೇಳುತ್ತಾರೆ. ಕಂಡ ಮಾತ್ರಕ್ಕೆ ಸುಖವಾಗಿದೆ ಅಂತಲ್ಲ. ಅಮೆರಿಕದ ಫ್ಲಾರಿಡಾ ಪ್ಯಾಂಥರ್ ಅನ್ನೇ ನೋಡಿ. ಇದು ಪ್ಯೂಮಾ ಅನ್ನೋ ದೊಡ್ಡ ಕಾಡುಬೆಕ್ಕಿನ ಜಾತಿಯದು. ಬೇಟೆಗೆ ಸಿಕ್ಕಿ, ನೆಲೆ ಕಳೆದುಕೊಂಡು, ಉಳಿದ ಪ್ಯೂಮಾಗಳಿಂದ ಬೇರೆಯಾಗಿ, 1990ರ ದಶಕದ ಆರಂಭಕ್ಕೆ 20–30ಕ್ಕೆ ಇಳಿದಿತ್ತು. ಇದ್ದವೂ ಒಳಗೊಳಗೇ ಕೂಡಿ ಬಾಲ ಸೊಟ್ಟ, ಹೃದಯದಲ್ಲಿ ದೋಷ, ಗಂಡುಗಳಲ್ಲಿ ಸಂತಾನದ ತೊಂದರೆ. 1995ರಲ್ಲಿ ಟೆಕ್ಸಾಸಿನಿಂದ ಎಂಟು ಹೆಣ್ಣು ಪ್ಯೂಮಾಗಳನ್ನು ತಂದು ಬಿಟ್ಟ ಮೇಲೆ ಸಂಖ್ಯೆ ಏರಿತು. ನೆಲೆ ಕೂಡಿಕೊಂಡೇ ಇದ್ದಿದ್ದರೆ ಹೀಗೆ ಹೊತ್ತು ತಂದು ಬಿಡುವ ಪ್ರಮೇಯವೇ ಬರುತ್ತಿರಲಿಲ್ಲ.

ಹಾಗಾಗಿ ನಮ್ಮ ಕೋಷ್ಟಕದಲ್ಲಿ ಹೋಗುವ ಹೆಕ್ಟೇರಿನ ಪಕ್ಕ ಮೂರು ಕಾಲಂ ಸೇರಿಸಿದ್ದೇವೆ. ಯೋಜನೆಗೆ ಮುಂಚೆ ಮತ್ತು ಆಮೇಲೆ ಒಳಕಾಡು ಎಷ್ಟು, ತುಂಡುಗಳು ಎಷ್ಟು, ಒಂದು ತುಂಡಿನಿಂದ ಇನ್ನೊಂದಕ್ಕೆ ದೂರ ಎಷ್ಟು. ಇವಕ್ಕೆ ಹೊಸ ಡೇಟಾ ಏನೂ ಬೇಡ, ಕಾಡಿನ ಅದೇ ನಕ್ಷೆಯ ಪದರ (ಲೇಯರ್) ಸಾಕು. ಇದರಿಂದ ಆದ ದೊಡ್ಡ ಉಪಯೋಗ ಅಂದರೆ ರಸ್ತೆಯ ಗೆರೆ ಎಲ್ಲಿ ಹೋಗಬೇಕು ಅನ್ನೋ ಚರ್ಚೆ. ಅಂಚಿನಲ್ಲೇ ಹಾದುಹೋಗುವ ದಾರಿ ಕೆಲವೊಮ್ಮೆ ಜಾಸ್ತಿ ಮರ ತಿನ್ನುತ್ತದೆ. ಆದರೂ ನಡುವೆ ಸೀಳುವ ದಾರಿಗಿಂತ ಅದೇ ವಾಸಿ. ಹಳೆಯ ಕೋಷ್ಟಕದಲ್ಲಿ ಅದು ಸೋಲುತ್ತಿತ್ತು.

ಸೀಳದೆ ವಿಧಿಯೇ ಇಲ್ಲ ಅಂದಾಗ ದಾಟುದಾರಿ ಬೇಕು. ಕೆನಡಾದ ಬ್ಯಾನ್ಫ್ ರಾಷ್ಟ್ರೀಯ ಉದ್ಯಾನದಲ್ಲಿ ಹೆದ್ದಾರಿಗೆ ಬೇಲಿ ಹಾಕಿ, ಮೇಲೆ ಸೇತುವೆ, ಕೆಳಗೆ ಸುರಂಗ ಕಟ್ಟಿದರು. ಪ್ರಾಣಿಗಳಿಗೆ ವಾಹನ ಬಡಿಯುವುದು ಶೇ. 80ಕ್ಕಿಂತ ಜಾಸ್ತಿ ಇಳಿಯಿತು. ಜಿಂಕೆಗಳು ಬೇಗ ಒಗ್ಗಿಕೊಂಡವು, ಗ್ರಿಜ್ಲಿ ಕರಡಿಗಳಿಗೆ ವರ್ಷಗಳೇ ಹಿಡಿದವು. ಸೇತುವೆ ಕಟ್ಟಿದ ಮೊದಲ ವರ್ಷವೇ ‘ಯಾವ ಪ್ರಾಣಿಯೂ ಬರಲಿಲ್ಲ, ದಂಡ’ ಅಂತ ಷರಾ ಬರೆಯುವವರಿಗೆ ಇದನ್ನು ತೋರಿಸಿ.

ಕೊನೆಗೆ ಬರುವುದು ‘ಬದಲಿಗೆ ಬೇರೆ ಕಡೆ ಸಸಿ ನೆಡುತ್ತೇವೆ’ ಅನ್ನೋ ಸಾಲು. ಗೂಬೆ, ಗಿಳಿ, ಮಂಗಟ್ಟೆ ಗೂಡು ಮಾಡುವುದು ಮುದಿ ಮರದ ಪೊಟರೆಯಲ್ಲಿ. ಆಸ್ಟ್ರೇಲಿಯಾದ ನೀಲಗಿರಿ ಜಾತಿಯ ಮರಗಳಲ್ಲಿ ಅಂಥ ಪೊಟರೆ ಆಗಲು 100 ವರ್ಷಕ್ಕೂ ಜಾಸ್ತಿ ಬೇಕು. ನೆಡುವ ಸಸಿಗಳ ಸಂಖ್ಯೆಯ ಪಕ್ಕದಲ್ಲೇ ಕಡಿಯುವ ಮರಗಳ ಅಂದಾಜು ವಯಸ್ಸನ್ನೂ ಹಾಕಿ ಕಳಿಸುತ್ತೇನೆ. ಆ ಕಾಲಂ ಯಾಕೆ ಅಂತ ಒಬ್ಬರಾದರೂ ಕೇಳಿಯೇ ಕೇಳುತ್ತಾರೆ. ಆಗಲೇ ಮಾತು ಶುರುವಾಗುವುದು.